ಚೌಕಟ್ಟಿಲ್ಲದ ಚಿತ್ರಗಳು

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ, ನಾನು ಬಾಲಕನಾಗಿದ್ದಾಗಿನಿಂದಲೂ, ಶಿವಪಾರ್ವತಿಯರ ಒಂದು ಚಿತ್ರವಿದ್ದಿತು. ಅದು ಮೂಲತಃ ಯಾವುದೋ ಅಂಗಡಿಯವರು ಹೊಸ ವರ್ಷಕ್ಕೆಂದು ಕೊಟ್ಟ ಕ್ಯಾಲೆಂಡರು. ತಿಂಗಳುಗಳ ಹಾಳೆಗಳೆಲ್ಲ ಹರಿದುಹೋದ ಮೇಲೆ ನನ್ನ ತಾಯಿ ಚಿತ್ರವನ್ನು ಮಾತ್ರ ಜೋಪಾನವಾಗಿ ಕತ್ತರಿಸಿ, ಅದಕ್ಕೆ ಕಟ್ಟು ಹಾಕಿಸಿ ಇರಿಸಿಕೊಂಡಿದ್ದಳು. ಬಂದವರಿಗೆಲ್ಲ ಅದನ್ನು ತೋರಿಸಿ, “ನಮ್ಮ ಊರಿನವರೇ ಬರೆದದ್ದು” ಎಂದು ಹೇಳುತ್ತಿದ್ದಳು. ಬರೆದವರು ಎಸ್. ಎಂ. ಪಂಡಿತರು. ೧೯೧೬ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳಿಂದಲೂ ಪುರಾಣದ ಚಿತ್ರಗಳಿಂದಲೂ ದೇಶಕ್ಕೆಲ್ಲ ಪರಿಚಿತರಾದ ಈ ಕಲಾವಿದರು ೧೯೯೩ರಲ್ಲಿ ತೀರಿಕೊಂಡರು. ಅವರ ಹೆಸರಿನ ರಂಗಮಂದಿರವು ಇಂದಿಗೂ ನಮ್ಮ ನಗರದಲ್ಲಿದೆ. ಅವರ ಚಿತ್ರದ ದೇವತೆಗಳಿಗೆ ಮೈ ಇದೆ, ಮೈಯಲ್ಲಿ ಬಿಸುಪಿದೆ. ತೋಳಿನ ಮೇಲೆ ಬೆಳಕು ಬಿದ್ದ ಕಡೆ ಹೊಳೆಯುತ್ತದೆ, ಬೀಳದ ಕಡೆ ನೆರಳು ನಿಲ್ಲುತ್ತದೆ. ಆ ಚಿತ್ರದ ಕೆಳಗೆ ಕುಳಿತು ಅಕ್ಷರ ಕಲಿತವನು ನಾನು. ಆದುದರಿಂದ ಚಿತ್ರವೆಂದರೆ ಹೀಗೆಯೇ ಇರತಕ್ಕದ್ದು ಎಂಬ ತೀರ್ಮಾನವು ಯಾರೂ ಕಲಿಸದೆಯೇ ನನ್ನಲ್ಲಿ ನೆಲೆಯೂರಿತು.

ಅದರ ಮೇಲೆ ‘ಚಂದಮಾಮ’. ಈಗ ನಿಂತುಹೋಗಿರುವ ಆ ಮಾಸಪತ್ರಿಕೆಯಲ್ಲಿ ಹೆಗಲ ಮೇಲೆ ಬೇತಾಳನನ್ನು ಹೊತ್ತು ಖಡ್ಗ ಹಿಡಿದು ನಡೆಯುವ ವಿಕ್ರಮನನ್ನು ಶಂಕರ್ ಬರೆಯುತ್ತಿದ್ದರು. ಅದರ ಬೆನ್ನಿಗೆ ‘ಅಮರ ಚಿತ್ರ ಕಥೆ’ ಬಂದಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ೧೯೬೭ರಲ್ಲಿ ಆರಂಭಿಸಿದ ಈ ಮಾಲೆಯ ಪುಸ್ತಕ ಒಂದು ಕೈಗೆ ಸಿಕ್ಕಿತೆಂದರೆ ನಮ್ಮ ಓಣಿಯ ಹತ್ತು ಹುಡುಗರ ಕೈ ದಾಟಿ, ರಟ್ಟು ಹರಿದ ಮೇಲೆಯೇ ಅದು ಒಡೆಯನ ಮನೆ ಸೇರುತ್ತಿದ್ದಿತು. ಪುಟಕ್ಕೆ ನಾಲ್ಕೈದು ಚೌಕಗಳು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದಬೇಕು. ಮಾತಿಗೆ ಒಂದು ಗುಳ್ಳೆ, ಮನಸ್ಸಿನ ಮಾತಿಗೆ ಮೋಡದಂತಹ ಇನ್ನೊಂದು ಗುಳ್ಳೆ. ಇದನ್ನು ನಮಗೆ ಯಾರೂ ಪಾಠ ಮಾಡಲಿಲ್ಲ. ಕಣ್ಣು ತಾನೇ ಕಲಿತುಕೊಂಡಿತು; ಕಲಿತದ್ದು ಎಂಬುದನ್ನೂ ಮರೆತುಬಿಟ್ಟಿತು.

ಇಂತಹ ಕಣ್ಣನ್ನು ಇಟ್ಟುಕೊಂಡು ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಕಲಿಸಿ ನಿವೃತ್ತನಾದೆ. ಒಂದು ಬೇಸಗೆಯಲ್ಲಿ, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ರಜೆಗೆಂದು ಕಲಬುರಗಿಗೆ ಬಂದಳು. ನಮ್ಮ ಬೇಸಗೆಯ ಮಾತನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡು ಹೊಡೆದರೆ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಕದವಿಕ್ಕಿಕೊಂಡು ಒಳಗೆ ಕುಳಿತಿದ್ದಾಗ ಅವಳು ಚೀಲದಿಂದ ದೊಡ್ಡ ಆಕಾರದ ಒಂದು ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟಳು. ಹೆಸರು ‘ಭೀಮಾಯಣ’. ಭೀಮಾ ನದಿಯ ಸೀಮೆಯವನಾದ ನಾನು ಹೆಸರನ್ನು ನೋಡಿ ಇದು ನಮ್ಮ ಹೊಳೆಯ ಕಥೆಯೋ ಅಥವಾ ವೃಕೋದರನ ಕಥೆಯೋ ಎಂದುಕೊಂಡೆ. ಎರಡೂ ಅಲ್ಲ, ಅದು ಡಾ. ಭೀಮರಾವ್ ಅಂಬೇಡ್ಕರ್ ಅವರ ಬದುಕಿನ ಕೆಲವು ಪ್ರಸಂಗಗಳ ಚಿತ್ರಕಥೆ. ದೆಹಲಿಯ ನವಯಾನ ಪ್ರಕಾಶನವು ೨೦೧೧ರಲ್ಲಿ ಪ್ರಕಟಿಸಿದ್ದು. ಇಂಗ್ಲಿಷಿನ ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರಗಳನ್ನು ಬರೆದವರು ಮಧ್ಯಪ್ರದೇಶದ ಪರಧಾನ ಗೊಂಡ ಸಮುದಾಯದ ದಂಪತಿಗಳು, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್.

ನಾನು ಪುಟ ತಿರುವಿದೆ. ಚೌಕಗಳೇ ಇಲ್ಲ. ಪುಟದ ತುಂಬ ಬಳ್ಳಿಯಂತೆ ಹರಿದುಹೋಗುವ ಪಟ್ಟಿಗಳು; ಆ ಪಟ್ಟಿಗಳ ಸಂದಿನಲ್ಲಿ ಎಲ್ಲೆಂದರಲ್ಲಿ ಮನುಷ್ಯರು, ಮರಗಳು, ಪ್ರಾಣಿಗಳು. ಮುಖಗಳೆಲ್ಲ ಬಹುಮಟ್ಟಿಗೆ ಪಕ್ಕದಿಂದ ಕಂಡವು; ಕಣ್ಣು ಮಾತ್ರ ಎದುರಿನಿಂದ ನೋಡಿದಷ್ಟು ದೊಡ್ಡದು. ಬೆಳಕಿಲ್ಲ, ನೆರಳಿಲ್ಲ, ಮೈ ತುಂಬ ಗೆರೆ, ಚುಕ್ಕೆ, ಮೀನಿನ ಹುರುಪೆಯಂತಹ ತುಂಬುಗೆಲಸ. ರೈಲು ಹಾವಿನಂತೆ ಹರಿದಿದೆ. ಎಲ್ಲಿಂದ ಓದತೊಡಗಬೇಕೆಂಬುದೇ ತಿಳಿಯದು. ನಾನು ಕನ್ನಡಕವನ್ನು ಹಣೆಗೇರಿಸಿ, “ಇದನ್ನು ಬರೆದವರಿಗೆ ಮನುಷ್ಯನ ಅಂಗಪ್ರಮಾಣ ತಿಳಿಯದು” ಎಂದು ತೀರ್ಪು ಕೊಟ್ಟು, ಪುಸ್ತಕವನ್ನು ಮುಚ್ಚಿದೆ. ಉಪಾಧ್ಯಾಯರಿಗೆ ಇದೊಂದು ವ್ಯಾಧಿ. ನಿವೃತ್ತರಾದರೂ ಕೈಯಲ್ಲಿನ ಕೆಂಪು ಪೆನ್ಸಿಲು ಬೀಳುವುದಿಲ್ಲ.

ಮರುದಿನ ಬೆಳಗಿನ ಜಾವದಲ್ಲಿ ನಾವಿಬ್ಬರೂ ಕಮಲಾಪುರಕ್ಕೆ ಹೊರಟೆವು. ಕಲಬುರಗಿಯಿಂದ ಹುಮನಾಬಾದಿನ ರಸ್ತೆಯಲ್ಲಿ ಸುಮಾರು ೩೫ ಕಿಲೋಮೀಟರು. ಅಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ತೋಟವಿದೆ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಸಾಮಾನ್ಯ ಬಾಳೆಗಿಂತ ಹೆಚ್ಚು ದಿನ ಕಾಯಬೇಕು, ಹೆಚ್ಚು ನೀರು ನೆರಳು ನೋಡಿಕೊಳ್ಳಬೇಕು. ಗೆಳೆಯರು ಅಕ್ಕರೆಯಿಂದ ಒಂದು ಚಿಪ್ಪನ್ನು ತಂದಿಟ್ಟರೆ ನನ್ನ ಮೊಮ್ಮಗಳು ಅದರ ಕಂದುಗೆಂಪು ಸಿಪ್ಪೆಯನ್ನು ನೋಡಿ, ಇದು ಕೆಟ್ಟುಹೋಗಿದೆಯೆಂದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಹಳದಿಯಾದರೆ ಮಾತ್ರ ಬಾಳೆಹಣ್ಣೆಂದು ಅವಳ ಕಣ್ಣು ಕಲಿತಿದ್ದಿತು. ನಾನು ನಕ್ಕೆ. ಅವಳು ಸಿಪ್ಪೆ ಸುಲಿದು ತಿಂದ ಮೇಲೆ, ನನ್ನ ನಗೆಗೆ ಉತ್ತರವೆಂಬಂತೆ, ಚೀಲದಿಂದ ಆ ಪುಸ್ತಕವನ್ನು ತೆಗೆದು ಜಗುಲಿಯ ಮೇಲೆ ಹರಡಿದಳು.

ಗೆಳೆಯರ ತಾಯಿಗೆ ಎಂಬತ್ತು ದಾಟಿದ ವಯಸ್ಸು. ಓದು ಬರಹವಿಲ್ಲ. ಇಂಗ್ಲಿಷ್ ಅಕ್ಷರ ಯಾವುದು, ಕನ್ನಡ ಅಕ್ಷರ ಯಾವುದು ಎಂಬುದೂ ಆಕೆಗೆ ಒಂದೇ. ಆಕೆ ಪುಸ್ತಕದ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. ಪುಟದ ಮೇಲಿನಿಂದ ನೋಡಬೇಕೋ ಕೆಳಗಿನಿಂದಲೋ ಎಂಬ ನನ್ನ ತೊಡಕು ಆಕೆಗೆ ಇರಲೇ ಇಲ್ಲ. ರಂಗೋಲಿಯನ್ನು ನೋಡುವಂತೆ ಇಡಿಯಾಗಿ ನೋಡಿದಳು. ಆಮೇಲೆ ಒಂದು ಕಡೆ ಬೆರಳಿಟ್ಟು, “ಇದೇನ್ರೀ ಮಾಸ್ತರ, ಈತನ ಮಾತಿಗಿ ಚೇಳಿನ ಕೊಂಡಿ ಅದಲ್ಲ?” ಎಂದಳು.

ನಾನು ಕನ್ನಡಕವನ್ನು ಇಳಿಸಿ ನೋಡಿದೆ. ಇದ್ದಿತು. ಮಾತಿನ ಗುಳ್ಳೆಯ ಬಾಲವು ಚೇಳಿನ ಬಾಲದಂತೆ ಬಾಗಿ, ತುದಿಯಲ್ಲಿ ಕೊಂಡಿಯಿದ್ದಿತು. ಮತ್ತೊಂದು ಗುಳ್ಳೆಯನ್ನು ನೋಡಿದೆ; ಅದಕ್ಕೆ ಹಕ್ಕಿಯ ಆಕಾರ. ಮೂರನೆಯದರಲ್ಲಿ, ಯಾರೋ ಮನಸ್ಸಿನಲ್ಲಿ ಆಡಿಕೊಳ್ಳುವ ಮಾತಿಗೆ, ಒಂದು ಕಣ್ಣು. ಹಿಂದಿನ ದಿನ ಇಡೀ ಪುಸ್ತಕವನ್ನು ತಿರುವಿದ್ದ ಎಂ.ಎ. ಪದವೀಧರನಿಗೆ ಇದು ಯಾವುದೂ ಕಂಡಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಇದರ ವಿವರಣೆಯೂ ಇದ್ದಿತು. ಕುಟುಕುವ ಮಾತಿಗೆ, ಜಾತಿಯ ಸೊಕ್ಕಿನ ಮಾತಿಗೆ ಚೇಳು. ಮೆಲುನುಡಿಗೆ, ನೊಂದವರ ನುಡಿಗೆ ಹಕ್ಕಿ. ಆಡದೆ ಉಳಿದುದಕ್ಕೆ ಒಳಗಣ್ಣು. ಚೌಕಗಳನ್ನು ಏಕೆ ಬಿಟ್ಟರೆಂಬುದಕ್ಕೂ ಕಲಾವಿದರು ಕಾರಣ ಕೊಟ್ಟಿದ್ದರು: ಚೌಕದೊಳಗೆ ತುರುಕಿದರೆ ಪಾತ್ರಗಳಿಗೆ ಉಸಿರು ಕಟ್ಟುತ್ತದೆಯಂತೆ, ಅವು ಬಯಲಿನಲ್ಲಿ ಇರಬೇಕಂತೆ.

ನಮ್ಮ ಸೀಮೆಯಲ್ಲಿ ಚೇಳು ಎಂದರೆ ಅಲಂಕಾರದ ಮಾತಲ್ಲ. ಬೇಸಗೆಯಲ್ಲಿ ಕಲ್ಲು ಎತ್ತುವವನು ಕೆಳಗೆ ನೋಡಿಯೇ ಎತ್ತುತ್ತಾನೆ. ಆ ಮುದುಕಿಗೆ ಅದು ಕಂಡದ್ದು ಸಹಜವೇ. ಆಕೆ ಇನ್ನೊಂದು ಪುಟದ ಮೇಲೆ ಬೆರಳಿಟ್ಟು, ಹುಡುಗನ ಮೈ ಮೀನು ಏಕಾಯಿತೆಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿದ್ದುದನ್ನು ಓದಿ ಆಕೆಗೆ ಕನ್ನಡದಲ್ಲಿ ಹೇಳತೊಡಗಿದೆ. ಸಾತಾರೆಯ ಶಾಲೆಯಲ್ಲಿ ಓದುತ್ತಿದ್ದ ಬಾಲಕ ಭೀಮನು ನೀರನ್ನು ತಾನೇ ಮುಟ್ಟಿ ಕುಡಿಯುವಂತಿರಲಿಲ್ಲ. ಶಾಲೆಯ ಜವಾನನು ಬಂದು ನೀರು ಕೊಡಬೇಕು. ಜವಾನನಿಲ್ಲದ ದಿನ ನೀರಿಲ್ಲ. ೧೯೦೧ರಲ್ಲಿ, ತಂದೆ ಕೆಲಸದಲ್ಲಿದ್ದ ಗೋರೆಗಾಂವಿಗೆ ಹೋಗಲೆಂದು ಭೀಮನೂ ಅವನ ಅಣ್ಣನೂ ಅಕ್ಕನ ಮಕ್ಕಳೂ ಮಸೂರು ಎಂಬ ನಿಲ್ದಾಣದಲ್ಲಿ ರೈಲಿಳಿದರು. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ನೋಡಿ ಅಲ್ಲಿನ ಸ್ಟೇಷನ್ ಮಾಸ್ತರನು ಅಕ್ಕರೆಯಿಂದ ವಿಚಾರಿಸಿದನು. ಮಹಾರರೆಂದು ತಿಳಿದೊಡನೆ ಹಿಂದಕ್ಕೆ ಸರಿದನು. ಎರಡರಷ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಅವರೊಡನೆ ಕೂರಲೊಲ್ಲದೆ ಪಕ್ಕದಲ್ಲಿ ನಡೆದನು. ಹುಡುಗರೇ ಗಾಡಿ ಹೊಡೆದರು. ಬುತ್ತಿಯಿದ್ದಿತು, ರಾತ್ರಿಯೆಲ್ಲ ಕುಡಿಯಲು ನೀರು ಸಿಕ್ಕಲಿಲ್ಲ. ನೀರಿಲ್ಲದ ಹುಡುಗನ ಮೈ ಮೀನಾಗದೆ ಮತ್ತೇನಾಗಬೇಕು?

ಮುದುಕಿ, “ನೀರಾಗಿಂದು ಹೊರಗ ತಗದಂಗ” ಎಂದಷ್ಟೇ ಹೇಳಿ ಎದ್ದು ಒಳಗೆ ಹೋದಳು.

ಇಲ್ಲಿ ನಾನು ಒಂದು ಹಳೆಯ ಸಂಗತಿಯನ್ನು ಹೇಳಬೇಕಾಗಿದೆ. ಊರಿನ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಶಾಲೆಯ ಬೇವಿನ ಮರದ ಕೆಳಗೆ ನೀರಿನ ಹರವಿ, ಅದರ ಮುಚ್ಚಳದ ಮೇಲೆ ಹಿತ್ತಾಳೆಯ ಲೋಟ. ನಾವೆಲ್ಲ ಮೊಗೆದು ಕುಡಿಯುತ್ತಿದ್ದೆವು. ಒಬ್ಬ ಹುಡುಗ ಮಾತ್ರ ದೂರದಲ್ಲಿ ಬಾಗಿ ಬೊಗಸೆಯೊಡ್ಡುತ್ತಿದ್ದನು. ಒಬ್ಬ ಆಳು ಮೇಲಿನಿಂದ ನೀರು ಹೊಯ್ಯುತ್ತಿದ್ದನು. ಸಂವಿಧಾನ ಜಾರಿಗೆ ಬಂದು ಎರಡು ದಶಕಗಳಾಗುತ್ತಿದ್ದ ಕಾಲವದು. ಅಸ್ಪೃಶ್ಯತೆ ನಿಷಿದ್ಧವೆಂದು ನಮ್ಮ ಪುಸ್ತಕದಲ್ಲಿಯೇ ಅಚ್ಚಾಗಿದ್ದಿತು. ಒಂದು ಮಧ್ಯಾಹ್ನ ಆಳು ಬಂದಿರಲಿಲ್ಲ. ತರಗತಿಯ ನಾಯಕನಾಗಿದ್ದ ನನ್ನ ಕೈಯಲ್ಲಿ ಲೋಟವಿದ್ದಿತು. ಅವನು ಬೊಗಸೆಯೊಡ್ಡಿ ನನ್ನ ಕಡೆ ನೋಡಿದನು. ನಾನು ಮಾಸ್ತರರ ಕೋಣೆಯ ಕಡೆ ನೋಡಿದೆ. “ತಾಳು, ಬರ್ತಾರ” ಎಂದು ಹೇಳಿ, ಲೋಟವನ್ನು ಮುಚ್ಚಳದ ಮೇಲಿಟ್ಟು ಆಟಕ್ಕೆ ಓಡಿದೆ. ಅವನು ಎಷ್ಟು ಹೊತ್ತು ನಿಂತಿದ್ದನೋ ನೋಡಲಿಲ್ಲ.

ಅಂಬೇಡ್ಕರರ ಜೀವನವನ್ನು ನಾನು ಅನೇಕ ಸಲ ಓದಿದ್ದೇನೆ, ಪಾಠ ಮಾಡಿದ್ದೇನೆ. ‘ಅಮರ ಚಿತ್ರ ಕಥೆ’ಯ ಮಾಲೆಯಲ್ಲಿ ೧೯೭೯ರಲ್ಲಿ ಬಂದ ಅವರ ಕಥೆಯನ್ನೂ ನೋಡಿದ್ದೇನೆ. ಅದು ಅಚ್ಚುಕಟ್ಟಾದ ಪುಸ್ತಕ. ಆದರೆ ಅದನ್ನು ಓದುವಾಗ ಹರವಿಯ ಪಕ್ಕದಲ್ಲಿ ನಿಂತ ನನ್ನ ಸಹಪಾಠಿಯು ನೆನಪಿಗೆ ಬರಲಿಲ್ಲ. ಏಕೆ ಬರಲಿಲ್ಲವೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ನನಗೆ ತೋರುವುದು ಇಷ್ಟು: ಅಭ್ಯಾಸವಾದ ಶೈಲಿಯಲ್ಲಿ ಕಣ್ಣು ನಿಲ್ಲದೆ ಜಾರಿಕೊಂಡು ಹೋಗುತ್ತದೆ. ಒಂದು ಚೌಕದಿಂದ ಮುಂದಿನ ಚೌಕಕ್ಕೆ, ಬಾಲ್ಯದಿಂದ ಪದವಿಗೆ, ಪದವಿಯಿಂದ ಕೀರ್ತಿಗೆ. ‘ಭೀಮಾಯಣ’ದಲ್ಲಿ ಜಾರಲು ಹಳಿಯೇ ಇಲ್ಲ. ದಾರಿ ತಿಳಿಯದೆ ನಿಲ್ಲಬೇಕು. ನಿಂತಾಗ ಮೀನು ಕಾಣುತ್ತದೆ, ಚೇಳು ಕಾಣುತ್ತದೆ. ೧೯೨೭ರ ಮಾರ್ಚಿಯಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಲು ಜನ ಸೇರಿದ ಪ್ರಸಂಗದಲ್ಲಿ ಧ್ವನಿವರ್ಧಕಗಳು ನೀರು ಚಿಮುಕಿಸುವ ಕೊಳವೆಗಳಾಗಿವೆ. ಮಾತೇ ನೀರಾಗಿ ಸುರಿಯುತ್ತಿದೆ. ಇದನ್ನು ಬೆಳಕು ನೆರಳುಗಳ ಶೈಲಿಯಲ್ಲಿ ಬರೆದರೆ ನಗೆಗೀಡಾದೀತು. ಇಲ್ಲಿ ಅದು ಒಪ್ಪುತ್ತದೆ.

ಈ ಶೈಲಿಯು ಎಲ್ಲಿಂದ ಬಂದಿತೆಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಪರಧಾನರು ಗೊಂಡರ ವಂಶಾವಳಿಗಳನ್ನೂ ದೇವರ ಕಥೆಗಳನ್ನೂ ಬಾನಾ ಎಂಬ ತಂತಿವಾದ್ಯ ನುಡಿಸುತ್ತ ಹಾಡುತ್ತಿದ್ದವರು. ಅವರ ಮನೆಗಳ ಗೋಡೆ ನೆಲಗಳ ಮೇಲೆ ಬಣ್ಣದ ಮಣ್ಣಿನಿಂದ ಹಾಕುವ ವಿನ್ಯಾಸಕ್ಕೆ ಡಿಗ್ನಾ ಎಂದು ಹೆಸರು; ಪುಸ್ತಕದ ಪುಟಗಳನ್ನು ವಿಭಾಗಿಸುವ ಆ ಬಳ್ಳಿಯಂತಹ ಪಟ್ಟಿಗಳು ಅವೇ. ಪಾಟನಗಢ ಎಂಬ ಹಳ್ಳಿಯ ಜಾನಗಢ ಸಿಂಗ್ ಶ್ಯಾಮ್ ಎಂಬ ತರುಣನ ಗೋಡೆಚಿತ್ರಗಳು ೧೯೮೧ರ ಸುಮಾರಿನಲ್ಲಿ, ಭೋಪಾಲದಲ್ಲಿ ಭಾರತ ಭವನವನ್ನು ಕಟ್ಟುತ್ತಿದ್ದ ಕಾಲದಲ್ಲಿ, ಕಲಾವಿದ ಜೆ. ಸ್ವಾಮಿನಾಥನ್ ಅವರ ತಂಡದ ಕಣ್ಣಿಗೆ ಬಿದ್ದವು. ಅವನನ್ನು ಭೋಪಾಲಕ್ಕೆ ಕರೆತಂದರು. ಕಾಗದವನ್ನೂ ಬಣ್ಣವನ್ನೂ ಕೊಟ್ಟರು. ಹಾಡಿನಲ್ಲಿದ್ದುದು ಗೆರೆಗೆ ಬಂದಿತು. ಆತನ ಬಂಧುಬಳಗದ ಅನೇಕರು ಅದೇ ಹಾದಿ ಹಿಡಿದರು; ದುರ್ಗಾಬಾಯಿ, ಸುಭಾಷ್ ಇಬ್ಬರೂ ಆ ಬಳಗದವರೇ. ದುರ್ಗಾಬಾಯಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಬಂದಿತು. ನಾನು ಬಹಳ ಪುರಾತನವೆಂದು ತಿಳಿದಿದ್ದ ಈ ಶೈಲಿ ಕಾಗದದ ಮೇಲೆ ‘ಅಮರ ಚಿತ್ರ ಕಥೆ’ಗಿಂತಲೂ ಕಿರಿಯದು ಎಂಬುದು ನನಗೆ ಆಶ್ಚರ್ಯವನ್ನುಂಟುಮಾಡಿತು.

ಹೊಸದು ಹಳೆಯದು ಎಂಬ ನಮ್ಮ ಲೆಕ್ಕಗಳೇ ಹೀಗೆ. ನನ್ನ ತಾಯಿ ಕಟ್ಟು ಹಾಕಿಸಿದ ಚಿತ್ರದ ಶೈಲಿಯೂ ಒಂದು ಕಾಲಕ್ಕೆ ಹೊಸದೇ. ಯುರೋಪಿನ ತೈಲಚಿತ್ರದ ರೀತಿಯಲ್ಲಿ ನಮ್ಮ ದೇವದೇವಿಯರನ್ನು ಮೈಮಾಂಸವುಳ್ಳವರಾಗಿ ಬರೆದು, ೧೮೯೪ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದು ಮನೆಮನೆಗೆ ತಲುಪಿಸಿದವರು ರಾಜಾ ರವಿವರ್ಮರು. ಅದಕ್ಕೆ ಮುಂಚೆ ನಮ್ಮ ಹಿರಿಯರು ದೇವರನ್ನು ನೋಡಿದ್ದು ಕಲ್ಲಿನಲ್ಲಿ, ತೊಗಲುಗೊಂಬೆಯಲ್ಲಿ. ತೊಗಲುಗೊಂಬೆಯ ರಾವಣನಿಗೆ ಅಂಗಪ್ರಮಾಣವನ್ನು ಯಾರು ಕೇಳಿದರು?

ಇನ್ನೂ ಹಿಂದಕ್ಕೆ ಹೋಗೋಣ. ನಮ್ಮ ಜಿಲ್ಲೆಯಲ್ಲಿಯೇ, ಭೀಮಾ ತೀರದ ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ, ೧೯೯೦ರ ದಶಕದಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪವಿದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಸುಣ್ಣಗಲ್ಲಿನ ಫಲಕಗಳ ಮೇಲೆ ಜಾತಕ ಕಥೆಗಳು, ಬುದ್ಧನ ಜೀವನ, ರಾಜರು, ಪರಿವಾರ. ಎಷ್ಟೋ ಫಲಕಗಳ ಮೇಲೆ ಇದು ಇಂಥದು ಎಂದು ಬ್ರಾಹ್ಮೀ ಲಿಪಿಯಲ್ಲಿ ಕೆತ್ತಿದ್ದಾರೆ. ಅಶೋಕನ ಹೆಸರು ಕೆತ್ತಿದ ಫಲಕವೂ ಅವುಗಳಲ್ಲಿ ಒಂದು. ಚಿತ್ರವೂ ಅಕ್ಷರವೂ ಕೂಡಿ ಕಥೆ ಹೇಳುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಅಲ್ಲಿ ಬುದ್ಧನಿರಬೇಕಾದ ಕಡೆ ಬರಿಯ ಪೀಠವಿರುತ್ತದೆ, ಪಾದದ ಗುರುತಿರುತ್ತದೆ, ಧರ್ಮಚಕ್ರವಿರುತ್ತದೆ. ತಿಳಿಯದವನು ಶಿಲ್ಪಿಗೆ ಬುದ್ಧನನ್ನು ಕೆತ್ತಲು ಬರಲಿಲ್ಲವೆಂದಾನು. ನಾನು ಅಂದದ್ದೂ ಅದೇ ಜಾತಿಯ ಮಾತು.

ಅದೇ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕಾವ್ಯದಲ್ಲಿ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡನ್ನು ಹೇಳುತ್ತದೆ. ಅವೆರಡರ ಲಕ್ಷಣಗಳನ್ನೂ ಬಿಡಿಸಿ ತೋರಿಸುತ್ತದೆ. ಈ ಪಾಠವನ್ನು ನಾನು ವರ್ಷವರ್ಷವೂ ಹೇಳಿದ್ದೆನು. ಹಳಗನ್ನಡವನ್ನು ಕಂಡು ಮುಖ ಸಿಂಡರಿಸುವ ಹುಡುಗರಿಗೆ, “ಮೊದಲು ಅದರ ವ್ಯಾಕರಣ ತಿಳಿದುಕೊಳ್ಳಿ, ಆಮೇಲೆ ರುಚಿಯ ಮಾತು” ಎಂದು ಗದರಿಸಿದ್ದೂ ಉಂಟು. ಕಾವ್ಯಕ್ಕೆ ಒಪ್ಪಿದ್ದನ್ನು ಚಿತ್ರಕ್ಕೆ ಒಪ್ಪುವುದು ಮಾತ್ರ ನನಗೆ ತೋಚಿರಲಿಲ್ಲ.

ಹಾಗೆಂದು ವಿಚಿತ್ರವಾದುದೆಲ್ಲ ಉತ್ತಮವೆಂದು ನಾನು ಹೇಳಲಾರೆ. ಗೆರೆ ಎಳೆಯಲು ಬಾರದವನು ಅದನ್ನೇ ತನ್ನ ಶೈಲಿಯೆಂದು ಹೇಳಿಕೊಳ್ಳುವುದನ್ನು ನಾವು ದಿನವೂ ಕಾಣುತ್ತೇವೆ. ವ್ಯತ್ಯಾಸವನ್ನು ಹೇಗೆ ಅರಿಯಬೇಕೆಂದು ನೀವು ಕೇಳಬಹುದು. ನನ್ನ ಮಟ್ಟಿಗೆ ನಾನು ಕಂಡುಕೊಂಡ ಪರೀಕ್ಷೆ ಒಂದೇ: ಎರಡನೆಯ ಸಲ ನೋಡಿದಾಗ ಮೊದಲ ಸಲ ಕಾಣದ್ದು ಕಾಣುತ್ತದೆಯೇ? ಕಂಡದ್ದು ಕಥೆಗೆ ಬೇಕಾದದ್ದೇ? ಚೇಳಿನ ಕೊಂಡಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಈ ಪುಸ್ತಕದಲ್ಲಿಯೂ ಎಲ್ಲವೂ ತೇರ್ಗಡೆಯಾಗುವುದಿಲ್ಲ. ಇಂದಿನ ಕಾಲದ ಇಬ್ಬರು ಬಸ್ ನಿಲ್ದಾಣದಲ್ಲಿ ನಿಂತು ಮೀಸಲಾತಿಯ ವಿಷಯವಾಗಿ ಮಾತನಾಡುವ ಭಾಗವೊಂದು ಕಥೆಯನ್ನು ಸುತ್ತುವರಿದಿದೆ. ಅದು ಬೇಕಾದದ್ದೇ ಇರಬಹುದು, ಆದರೆ ಅಲ್ಲಿ ಒಬ್ಬರು ಕೇಳುವುದು ಇನ್ನೊಬ್ಬರು ಬೋಧಿಸುವುದು ನನ್ನ ತರಗತಿಯನ್ನೇ ನೆನಪಿಗೆ ತಂದಿತು. ಕೆಲವು ಪುಟಗಳಲ್ಲಿ ಚಿತ್ರವೂ ಬರಹವೂ ಇಕ್ಕಟ್ಟಿನಲ್ಲಿ ಒಂದನ್ನೊಂದು ತಳ್ಳುತ್ತವೆ. ಪಂಡಿತರ ಚಿತ್ರವನ್ನೂ ನಾನು ಗೋಡೆಯಿಂದ ಇಳಿಸಿಲ್ಲ. ಅದರ ಎದುರಿಗೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ.

ಕಮಲಾಪುರದಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಹರವಿಯ ಪ್ರಸಂಗವನ್ನು ಮೊಮ್ಮಗಳಿಗೆ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು. ತುಸು ಹೊತ್ತಾದ ಮೇಲೆ, “ಅಜ್ಜಾ, ‘ತಾಳು, ಬರ್ತಾರ’ ಅಂತ ನೀನು ಮೆಲ್ಲಗೆ ಅಂದೆಯಲ್ಲ, ಅದಕ್ಕೆ ಯಾವ ಗುಳ್ಳೆ ಬರೆಯಬೇಕು, ಹಕ್ಕಿಯದೋ ಚೇಳಿನದೋ?” ಎಂದು ಕೇಳಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ನಾನು ಪುಸ್ತಕವನ್ನು ಇಸಿದುಕೊಂಡು ಮಸೂರಿನ ನಿಲ್ದಾಣದ ಪುಟಗಳನ್ನು ಮತ್ತೆ ತೆರೆದೆ. ಆ ಸ್ಟೇಷನ್ ಮಾಸ್ತರನೂ ಮೊದಲು ಮೆಲ್ಲಗೆಯೇ ಮಾತನಾಡಿದ್ದನು.